ಬಾನುಲಿಯಿಂದ ಮೂಡಲ್‌ವರೆಗೆ: ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ ಕಟ್ಟಿಕೊಂಡ ಪಾಠಶಾಲೆ

ಆನ್‌ಲೈನ್ ಪಾಠಗಳನ್ನು ಹಳೆಯ ವ್ಯವಸ್ಥೆಯಿಂದ ಹೊಸ ಕಲಿಕಾ ವೇದಿಕೆಗೆ ಸಾಗಿಸುವುದು ಕಂಪ್ಯೂಟರ್ ವಿಭಾಗದ ಕೆಲಸ ಎಂದೇ ಬಹಳಷ್ಟು ಆಡಳಿತ ಮಂಡಳಿಗಳು ತಿಳಿದಿರುತ್ತವೆ. ಟೆಂಡರ್ ಕರೆದು, ಕಡಿಮೆ ಬೆಲೆ ಹೇಳಿದವರಿಂದ ತಂತ್ರಾಂಶ ಕೊಂಡು, ಸಿಬ್ಬಂದಿಯನ್ನು ಕೂರಿಸಿ ಒಂದೆರಡು ದಿನ ತರಬೇತಿ ಕೊಟ್ಟರೆ ಮುಗಿಯಿತು ಎಂಬ ಭಾವನೆ ಅದು. 2019ರಲ್ಲಿ ಸುವರ್ಣ ಮಹೋತ್ಸವ ಆಚರಿಸಿಕೊಂಡ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯದ ಚರಿತ್ರೆ ಈ ತಿಳಿವಳಿಕೆಯನ್ನು ತಿದ್ದುತ್ತದೆ. ಪಾಠ ಯಾವ ದಾರಿಯಲ್ಲಿ ವಿದ್ಯಾರ್ಥಿಯ ಮನೆಗೆ ಹೋಗಬೇಕು, ಆ ದಾರಿಯ ಹಿಡಿತ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಆ ಸಂಸ್ಥೆಗೆ ಹುಟ್ಟಿನಿಂದಲೇ ಗಂಟುಬಿದ್ದದ್ದು. 2005ರಲ್ಲಿ ಅದು ಮೂಡಲ್ ಎಂಬ ಮುಕ್ತ ತಂತ್ರಾಂಶಕ್ಕೆ ಹೊರಳಿದ್ದನ್ನು ಹೊಸ ತಂತ್ರಜ್ಞಾನದ ಮೇಲಿನ ಮೋಹ ಎನ್ನಲಾಗದು. ಮೂರೂವರೆ ದಶಕ ಬೇರೆಯವರ ಮಾಧ್ಯಮದಲ್ಲಿ ಪಾಠ ಹೇಳಿದ ಸಂಸ್ಥೆಯೊಂದು ತನ್ನ ತರಗತಿಯನ್ನು ತಾನೇ ಕಟ್ಟಿಕೊಳ್ಳಲು ಮಾಡಿದ ತೀರ್ಮಾನ ಅದು, ಮತ್ತು ಆ ತೀರ್ಮಾನ ಸರಿಯಾಗಿತ್ತು ಎಂಬುದು ಈ ಲೇಖನದ ವಾದ.

1963–1969: ಯೋಚನೆಯಿಂದ ಸನ್ನದಿಗೆ

ಎರಡನೆಯ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯದ ಶಿಕ್ಷಣ ಕೆಲವರ ಸ್ವತ್ತಾಗಿತ್ತು. ಹದಿನೈದು ಹದಿನಾರರ ವಯಸ್ಸಿಗೆ ಶಾಲೆ ಬಿಟ್ಟು ಗಣಿಗೆ, ಕಾರ್ಖಾನೆಗೆ, ಟೈಪಿಂಗ್ ಕೆಲಸಕ್ಕೆ ಹೋದವರು, ಮಕ್ಕಳನ್ನು ಸಾಕುತ್ತ ಮನೆಯಲ್ಲಿ ಉಳಿದ ಹೆಂಗಸರು ಮತ್ತೆ ಓದಬೇಕೆಂದರೆ ಬಾಗಿಲು ತೆರೆದಿರಲಿಲ್ಲ. ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್ 1962ರಲ್ಲೇ ಮುಕ್ತ ವಿಶ್ವವಿದ್ಯಾಲಯವೊಂದರ ಅಗತ್ಯವನ್ನು ಬರೆದು ತಿಳಿಸಿದ್ದರು. 1963ರ ಸೆಪ್ಟೆಂಬರಿನಲ್ಲಿ ಗ್ಲಾಸ್ಗೋ ನಗರದಲ್ಲಿ ಮಾತನಾಡಿದ ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ ರೇಡಿಯೋ, ಟೆಲಿವಿಷನ್ ಮತ್ತು ಅಂಚೆಯ ಮೂಲಕ ನಡೆಯುವ ‘ಬಾನುಲಿ ವಿಶ್ವವಿದ್ಯಾಲಯ’ದ ಯೋಜನೆಯನ್ನು ಮುಂದಿಟ್ಟರು. ಮರುವರ್ಷ ಅವರು ಪ್ರಧಾನಿಯಾದ ಮೇಲೆ ಆ ಯೋಜನೆಗೆ ಜೀವ ಕೊಡುವ ಹೊಣೆ ಸಚಿವೆ ಜೆನಿ ಲೀ ಅವರ ಪಾಲಿಗೆ ಬಂತು.

ಸ್ಕಾಟ್ಲೆಂಡಿನ ಗಣಿ ಕಾರ್ಮಿಕರ ಮನೆಯಲ್ಲಿ ಹುಟ್ಟಿ ಬೆಳೆದ ಜೆನಿ ಲೀ ಒಂದೇ ವಿಷಯದಲ್ಲಿ ಹಟ ಹಿಡಿದರು: ಇದು ಕೆಲಸಗಾರರಿಗೆಂದು ಮಾಡಿದ ಅಗ್ಗದ ಎರಡನೆಯ ದರ್ಜೆಯ ವ್ಯವಸ್ಥೆ ಆಗಕೂಡದು, ಇಲ್ಲಿನ ಪದವಿ ಬೇರೆ ಯಾವ ವಿಶ್ವವಿದ್ಯಾಲಯದ ಪದವಿಗೂ ಕಡಿಮೆ ಇರಕೂಡದು. ಸೇರಲು ಹಿಂದಿನ ಪ್ರಮಾಣಪತ್ರ ಬೇಡ, ಆದರೆ ಹೊರಗೆ ಹೋಗುವಾಗ ಯಾವ ರಿಯಾಯಿತಿಯೂ ಇಲ್ಲ ಎಂಬುದು ಅದರ ತಿರುಳು. 1966ರ ಫೆಬ್ರವರಿಯಲ್ಲಿ ಶ್ವೇತಪತ್ರ ಹೊರಬಂತು, 1967ರಲ್ಲಿ ಪೀಟರ್ ವೆನೆಬಲ್ಸ್ ಅಧ್ಯಕ್ಷತೆಯ ಯೋಜನಾ ಸಮಿತಿ ರಚನೆಯಾಯಿತು, 1969ರ ಏಪ್ರಿಲ್‌ನಲ್ಲಿ ರಾಜ ಸನ್ನದು ಸಿಕ್ಕಿತು. ಎಡಿನ್‌ಬರೋದಲ್ಲಿ ಔಷಧ ವಿಜ್ಞಾನ ಕಲಿಸುತ್ತಿದ್ದ ವಾಲ್ಟರ್ ಪೆರಿ ಮೊದಲ ಕುಲಪತಿಯಾದರು. ವಿರೋಧವೂ ಇತ್ತು, ಕನ್ಸರ್ವೇಟಿವ್ ಪಕ್ಷದ ಹಿರಿಯರಲ್ಲಿ ಕೆಲವರು ಇದನ್ನು ಅರ್ಥವಿಲ್ಲದ ಖರ್ಚು ಎಂದೇ ಭಾವಿಸಿದ್ದರು. 1970ರಲ್ಲಿ ಅದೇ ಪಕ್ಷ ಅಧಿಕಾರಕ್ಕೆ ಬಂದಾಗ ಶಿಕ್ಷಣ ಸಚಿವೆಯಾದ ಮಾರ್ಗರೆಟ್ ಥ್ಯಾಚರ್ ಯೋಜನೆಯನ್ನು ಮುಂದುವರಿಸಲು ಬಿಟ್ಟರು, ಹೊಸ ಸಂಸ್ಥೆಯ ಉಸಿರು ಉಳಿಯಿತು. ಲಂಡನ್ನಿನ ಕಚೇರಿಯಿಂದ ಹೊರಟ ಸಿಬ್ಬಂದಿ ಮಿಲ್ಟನ್ ಕೀನ್ಸ್ ಎಂಬ, ಆಗಷ್ಟೇ ಕಟ್ಟಲು ತೊಡಗಿದ್ದ ಊರಿನ ವಾಲ್ಟನ್ ಹಾಲ್ ಎಂಬ ಹಳೆಯ ಬಂಗಲೆಯಲ್ಲಿ ನೆಲೆಸಿದರು. 1973ರಲ್ಲಿ ಅಲ್ಲಿನ ಗ್ರಂಥಾಲಯಕ್ಕೆ ಜೆನಿ ಲೀ ಅವರೇ ಅಡಿಗಲ್ಲು ಇಟ್ಟರು. ಆವರಣ ಬೆಳೆಯಿತು, ಕಟ್ಟಡಗಳು ಎದ್ದವು. ಆದರೆ ಪದವಿ ವಿದ್ಯಾರ್ಥಿಗಳಿಗೆ ಅಲ್ಲಿ ತರಗತಿಯ ಕೋಣೆ ಮಾತ್ರ ಇರಲಿಲ್ಲ. ಅವರ ತರಗತಿ ಅವರವರ ಮನೆಯಲ್ಲಿತ್ತು.

1971–1988: ಅಂಚೆ, ಬಿಬಿಸಿ, ಕ್ಯಾಸೆಟ್

1971ರ ಜನವರಿಯಲ್ಲಿ ಕಲೆ, ಸಮಾಜ ವಿಜ್ಞಾನ, ವಿಜ್ಞಾನ, ಗಣಿತ ಎಂಬ ನಾಲ್ಕು ಬುನಾದಿ ಕೋರ್ಸುಗಳೊಂದಿಗೆ ಪಾಠ ಆರಂಭವಾಯಿತು. ಮೊದಲ ವರ್ಷದ ವಿದ್ಯಾರ್ಥಿಗಳೇ ಸುಮಾರು 24,000 ಮಂದಿ. ಅಂಚೆಯಲ್ಲಿ ಪಾಠದ ಪುಸ್ತಕಗಳು ಬರುತ್ತಿದ್ದವು; ವಿಜ್ಞಾನದವರಿಗೆ ಪುಟ್ಟ ಸೂಕ್ಷ್ಮದರ್ಶಕವೂ ಸೇರಿದ ಪ್ರಯೋಗದ ಪೆಟ್ಟಿಗೆ ಬರುತ್ತಿತ್ತು. ಬೇಸಿಗೆಯಲ್ಲಿ ಒಂದು ವಾರದ ವಸತಿ ಶಿಬಿರ ಇರುತ್ತಿತ್ತು. ಬರೆದು ಕಳಿಸಿದ ಅಸೈನ್‌ಮೆಂಟನ್ನು ಬೋಧಕರೊಬ್ಬರು ತಿದ್ದಿ, ಅಂಚಿನಲ್ಲಿ ವಿವರವಾಗಿ ಅಭಿಪ್ರಾಯ ಬರೆದು ಮರಳಿಸುತ್ತಿದ್ದರು. ಒಬ್ಬ ಬೋಧಕರ ಕೈಗೆ ಇಪ್ಪತ್ತರ ಆಸುಪಾಸಿನಷ್ಟೇ ವಿದ್ಯಾರ್ಥಿಗಳನ್ನು ವಹಿಸುವ ಈ ಕ್ರಮವೇ ಸಂಸ್ಥೆಯ ನಿಜವಾದ ಬೆನ್ನೆಲುಬು ಎಂಬುದನ್ನು ಮುಂದಿನ ಮಾತಿಗಾಗಿ ನೆನಪಿಟ್ಟುಕೊಳ್ಳಬೇಕು.

ಹೊರಗಿನವರ ಕಣ್ಣಿಗೆ ಬಿದ್ದದ್ದು ಮಾತ್ರ ಟೆಲಿವಿಷನ್. ಪ್ರಾಧ್ಯಾಪಕರು, ಸಂಪಾದಕರು, ಬಿಬಿಸಿಯ ನಿರ್ಮಾಪಕರು ಒಂದೇ ಮೇಜಿನ ಸುತ್ತ ಕುಳಿತು ಕೋರ್ಸ್ ರೂಪಿಸುವ ಪದ್ಧತಿ ಅಲ್ಲಿಯವರೆಗೆ ಯಾವ ವಿಶ್ವವಿದ್ಯಾಲಯದಲ್ಲೂ ಅಷ್ಟು ದೊಡ್ಡ ಮಟ್ಟದಲ್ಲಿ ನಡೆದಿರಲಿಲ್ಲ. ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿದ್ದ ನಿರ್ಮಾಣ ಕೇಂದ್ರ 1981ರಲ್ಲಿ ವಾಲ್ಟನ್ ಹಾಲ್ ಆವರಣಕ್ಕೇ ಬಂತು. ಆ ಪಾಲುದಾರಿಕೆ ಸಂಸ್ಥೆಗೆ ಹೆಸರು ತಂದಿತು, ಲಕ್ಷಾಂತರ ಸಾಮಾನ್ಯ ಜನರ ಮನೆಗೆ ವಿದ್ಯೆಯನ್ನು ಮುಟ್ಟಿಸಿತು. ಅದನ್ನು ಯಾರೂ ಅಲ್ಲಗಳೆಯಲಾಗದು. ಆದರೆ ಪ್ರಸಾರದ ವೇಳೆ ನಿರ್ಧರಿಸುವ ಅಧಿಕಾರ ವಿಶ್ವವಿದ್ಯಾಲಯದ್ದಾಗಿರಲಿಲ್ಲ. ಸಾರ್ವಜನಿಕ ಚಾನೆಲ್ ಒಂದರ ಹಂಚಿಕೆಯಲ್ಲಿ ಪಾಠಕ್ಕೆ ಉಳಿಯುತ್ತಿದ್ದುದು ಬೆಳಗಿನ ಜಾವ ಮತ್ತು ನಡುರಾತ್ರಿ. ಪಾಳಿ ಕೆಲಸ ಮಾಡುವ ನರ್ಸ್ ಆಗಲಿ, ಮಗುವನ್ನು ಮಲಗಿಸಿದ ತಾಯಿಯಾಗಲಿ ಆ ಹೊತ್ತಿಗೆ ಎದ್ದಿರಬೇಕಿತ್ತು, ತಪ್ಪಿದರೆ ಪಾಠ ತಪ್ಪಿತು. ಆಡಿಯೋ ಕ್ಯಾಸೆಟ್ ಬಂದಾಗ ವಿದ್ಯಾರ್ಥಿಗಳು ಅದನ್ನು ಅಷ್ಟು ಪ್ರೀತಿಯಿಂದ ಸ್ವೀಕರಿಸಿದ್ದು ಈ ಕಾರಣಕ್ಕೆ: ನಿಲ್ಲಿಸಬಹುದು, ಹಿಂದೆ ತಿರುಗಿಸಬಹುದು, ಪುಸ್ತಕ ತೆರೆದಿಟ್ಟುಕೊಂಡು ಕೇಳಬಹುದು. ತಾಂತ್ರಿಕವಾಗಿ ಟೆಲಿವಿಷನ್‌ಗಿಂತ ಬಡವಾದ ಈ ಸಾಧನ ಕಲಿಕೆಗೆ ಹೆಚ್ಚು ಒದಗಿತು. ಸಾಧನದ ಬೆಲೆಗಿಂತ ಅದರ ಕೀಲಿ ಯಾರ ಬೆರಳಿನ ತುದಿಯಲ್ಲಿದೆ ಎಂಬುದು ಮುಖ್ಯ ಎಂಬ ತಿಳಿವು ಸಂಸ್ಥೆಗೆ ಬಂದದ್ದು ಇಲ್ಲಿಂದ. ಕೊನೆಯ ನಡುರಾತ್ರಿಯ ಪ್ರಸಾರ 2006ರ ಡಿಸೆಂಬರಿನಲ್ಲಿ ಮುಗಿಯಿತು.

ಭಾರತಕ್ಕೆ ಈ ಮಾದರಿ ಬೇಗನೆ ತಲುಪಿತು. ಜಿ. ಪಾರ್ಥಸಾರಥಿ ಸಮಿತಿ 1974ರಲ್ಲಿ ಮುಕ್ತ ವಿಶ್ವವಿದ್ಯಾಲಯದ ಪರವಾಗಿ ನಿಂತಿತು. 1982ರಲ್ಲಿ ಹೈದರಾಬಾದಿನಲ್ಲಿ ಮೊದಲನೆಯದು, 1985ರಲ್ಲಿ ದೆಹಲಿಯಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಆರಂಭವಾದವು. ಎರಡಕ್ಕೂ ಮೊದಲ ಕುಲಪತಿ ಜಿ. ರಾಮ್ ರೆಡ್ಡಿ. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣ ಸಂಸ್ಥೆಯ ಬೇರಿನಿಂದ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬೆಳೆಯಿತು. ಹಾಗಾಗಿ ಮಿಲ್ಟನ್ ಕೀನ್ಸ್‌ನಲ್ಲಿ ನಡೆದ ಪ್ರಯೋಗಗಳು ಮೈಸೂರಿಗೂ ಪರಕೀಯವಲ್ಲ.

1988–2004: ತೆರೆಯ ಮೇಲೆ ಮಾತುಕತೆ

1988ರಲ್ಲಿ ಮಾಹಿತಿ ತಂತ್ರಜ್ಞಾನವನ್ನು ಪರಿಚಯಿಸುವ ಡಿಟಿ 200 ಎಂಬ ಕೋರ್ಸಿನಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಮನೆಯ ಕಂಪ್ಯೂಟರಿನಿಂದ ಮೋಡೆಮ್ ಮೂಲಕ ಒಬ್ಬರೊಡನೊಬ್ಬರು ಮಾತಾಡತೊಡಗಿದರು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ತಯಾರಾದ ಕೋಸಿ ಎಂಬ ತಂತ್ರಾಂಶ ಅದಕ್ಕೆ ನೆರವಾಯಿತು. ದೂರವಾಣಿ ಶುಲ್ಕ ನಿಮಿಷದ ಲೆಕ್ಕದಲ್ಲಿ ಏರುತ್ತಿದ್ದ ಕಾಲ. ಆದರೂ ಒಂಟಿಯಾಗಿ ಓದುತ್ತಿದ್ದವರು ಮೊದಲ ಬಾರಿಗೆ ಸಹಪಾಠಿಗಳ ದನಿ ಕೇಳಿದಂತಾಯಿತು. ಈ ಅನುಭವವನ್ನು ರಾಬಿನ್ ಮೇಸನ್ ಮತ್ತು ಆಂಟನಿ ಕೇ 1989ರಲ್ಲಿ ಸಂಪಾದಿಸಿದ ಪುಸ್ತಕ ದಾಖಲಿಸಿದೆ. ತೊಂಬತ್ತರ ದಶಕದಲ್ಲಿ ಕೋಸಿಯ ಜಾಗಕ್ಕೆ ಫಸ್ಟ್‌ಕ್ಲಾಸ್ ಎಂಬ ವಾಣಿಜ್ಯ ತಂತ್ರಾಂಶ ಬಂತು. ಶತಮಾನದ ತಿರುವಿನಲ್ಲಿ ಕಂಪ್ಯೂಟರ್ ಮತ್ತು ಅಂತರಜಾಲವನ್ನು ಪರಿಚಯಿಸುವ ಟಿ 171 ಕೋರ್ಸಿಗೆ ಸಾವಿರಾರು ಮಂದಿ ಮುಗಿಬಿದ್ದರು.

ಬೆಳವಣಿಗೆ ಚೆನ್ನಾಗಿತ್ತು, ಆದರೆ ಹೊಂದಿಕೆ ಇರಲಿಲ್ಲ. ಚರ್ಚೆ ಒಂದು ಕಡೆ, ಪಾಠದ ಪುಟಗಳು ಇನ್ನೊಂದು ಕಡೆ, ಅಸೈನ್‌ಮೆಂಟ್ ಸಲ್ಲಿಸುವುದು ಮತ್ತೊಂದು ಕಡೆ, ಸ್ವಯಂಪರೀಕ್ಷೆಗೆ ಸಂಸ್ಥೆಯೇ ಬರೆದ ಓಪನ್‌ಮಾರ್ಕ್ ಬೇರೆ. ಪ್ರತಿ ವಿಭಾಗ ತನಗೆ ಅನುಕೂಲ ಕಂಡಂತೆ ಒಂದೊಂದು ಜಾಲತಾಣ ಕಟ್ಟಿಕೊಂಡಿತ್ತು. ಎರಡು ವಿಷಯ ಓದುವ ವಿದ್ಯಾರ್ಥಿ ಎರಡು ಬಗೆಯ ದಾರಿ ಕಲಿಯಬೇಕಿತ್ತು. ವಿಭಾಗಗಳ ಸ್ವಾತಂತ್ರ್ಯವನ್ನು ಗೌರವಿಸುವ ಸಂಸ್ಥೆಯಲ್ಲಿ ಇದನ್ನು ಒಂದೇ ಸೂರಿನಡಿ ತರುವುದು ಸೂಕ್ಷ್ಮದ ಕೆಲಸ. ಭಿನ್ನಾಭಿಪ್ರಾಯಗಳ ನಡುವೆಯೂ ಒಂದು ಸಮಾನ ಕಲಿಕಾ ವೇದಿಕೆ ಬೇಕೆಂಬ ಒಮ್ಮತ ಕ್ರಮೇಣ ಮೂಡಿತು.

2005–2011: ಮೂಡಲ್

2005ರ ನವೆಂಬರಿನಲ್ಲಿ ವಿಶ್ವವಿದ್ಯಾಲಯ ತನ್ನ ಆಯ್ಕೆಯನ್ನು ಪ್ರಕಟಿಸಿತು. ಮಾರುಕಟ್ಟೆಯ ದೊಡ್ಡ ಕಂಪನಿಗಳ ಸಿದ್ಧ ತಂತ್ರಾಂಶವನ್ನು ಬಿಟ್ಟು ಮೂಡಲ್ ಎಂಬ ಮುಕ್ತ ತಂತ್ರಾಂಶವನ್ನು ತೆಗೆದುಕೊಂಡು, ಅದರ ಸುತ್ತ ಸುಮಾರು 50 ಲಕ್ಷ ಪೌಂಡ್ ವೆಚ್ಚದ ಯೋಜನೆಯನ್ನು ಹಾಕಿತು. ಆಗ ಅದರ ವಿದ್ಯಾರ್ಥಿಗಳ ಸಂಖ್ಯೆ 1,80,000 ದಾಟಿತ್ತು. ಮೂಡಲ್‌ನ ಮೊದಲ ಪೂರ್ಣ ಆವೃತ್ತಿ ಹೊರಬಂದು ಬರೀ ಮೂರು ವರ್ಷ ಕಳೆದಿತ್ತು. ಅದನ್ನು ಬರೆದ ಮಾರ್ಟಿನ್ ಡೂಜಿಯಾಮಸ್ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ದೂರದ ನೆಲೆಯೊಂದರಲ್ಲಿ ಬೆಳೆದು, ಶಾರ್ಟ್‌ವೇವ್ ರೇಡಿಯೋದಲ್ಲಿ ಬರುತ್ತಿದ್ದ ಶಾಲಾ ಪಾಠ ಕೇಳಿ ಕಲಿತವರು. ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿ ಎಂಬ ವಾಣಿಜ್ಯ ವೇದಿಕೆಯನ್ನು ನೋಡಿಕೊಳ್ಳುತ್ತಿದ್ದಾಗ ಅದರ ಮಿತಿಗಳನ್ನು ಕಂಡು ತಮ್ಮದೇ ಒಂದನ್ನು ಬರೆದರು, ಯಾರು ಬೇಕಾದರೂ ಬಳಸಿ ಬದಲಿಸಿ ಹಂಚುವಂಥ ಪರವಾನಗಿಯಲ್ಲಿ ಬಿಟ್ಟರು. ದೂರದಲ್ಲಿದ್ದುಕೊಂಡು ಕಲಿಯುವುದೆಂದರೆ ಏನೆಂದು ತಿಳಿದ ಒಬ್ಬರ ಕೆಲಸ, ಅದನ್ನೇ ಬಾಳಾಗಿಸಿಕೊಂಡ ಸಂಸ್ಥೆಯೊಂದಕ್ಕೆ ಒದಗಿತು.

ಇಷ್ಟು ದೊಡ್ಡ ಸಂಸ್ಥೆ ಇಷ್ಟು ಎಳೆಯ ತಂತ್ರಾಂಶವನ್ನು ನಂಬುವುದು ದುಸ್ಸಾಹಸ, ಕೊಂಡರೆ ಕಂಪನಿ ಹೊಣೆ ಹೊರುತ್ತದೆ, ಇಲ್ಲಿ ಹೊರುವವರು ಯಾರು ಎಂಬ ಆಕ್ಷೇಪಕ್ಕೆ ತೂಕವಿತ್ತು. ಆದರೆ ಅದೇ ತಿಂಗಳುಗಳಲ್ಲಿ ಮಾರುಕಟ್ಟೆಯಲ್ಲಿ ನಡೆಯುತ್ತಿದ್ದುದನ್ನು ನೋಡಬೇಕು. 2005ರ ಅಕ್ಟೋಬರಿನಲ್ಲಿ ಬ್ಲ್ಯಾಕ್‌ಬೋರ್ಡ್ ಕಂಪನಿ ತನ್ನ ಪ್ರತಿಸ್ಪರ್ಧಿ ವೆಬ್‌ಸಿಟಿಯನ್ನು ಕೊಳ್ಳುವುದಾಗಿ ಘೋಷಿಸಿತು. ಕೆಲವೇ ವರ್ಷಗಳಲ್ಲಿ ವೆಬ್‌ಸಿಟಿ ಎಂಬ ಹೆಸರೇ ಮರೆಯಾಯಿತು, ಅದನ್ನು ನಂಬಿದ್ದ ಕಾಲೇಜುಗಳು ಬೇಕಿರಲಿ ಬಿಡಲಿ ಬೇರೆಡೆಗೆ ಹೊರಡಬೇಕಾಯಿತು. 2006ರಲ್ಲಿ ಅದೇ ಕಂಪನಿ ಆನ್‌ಲೈನ್ ಬೋಧನೆಯ ಕೆಲವು ಕ್ರಮಗಳ ಮೇಲೆ ತನಗಿದೆ ಎಂದ ಪೇಟೆಂಟ್ ಹಿಡಿದು ಕೆನಡಾದ ಡಿಸೈರ್‌ಟುಲರ್ನ್ ಕಂಪನಿಯನ್ನು ನ್ಯಾಯಾಲಯಕ್ಕೆಳೆಯಿತು. 2009ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದಲ್ಲಿ ಆ ಪೇಟೆಂಟಿನ ಹಕ್ಕುಗಳು ನಿಲ್ಲಲಿಲ್ಲ. ಕಂಪನಿ ಹೊರುವ ಹೊಣೆ ಕಂಪನಿಯ ಲೆಕ್ಕಾಚಾರ ಬದಲಾಗುವವರೆಗೆ ಮಾತ್ರ. ಆರು ವರ್ಷ, ಎಂಟು ವರ್ಷ ಹಿಡಿದು ಬಿಡುವಿನ ವೇಳೆಯಲ್ಲಿ ಪದವಿ ಓದುವ ವಿದ್ಯಾರ್ಥಿಗೆ ಅಷ್ಟು ಕಾಲ ಉಳಿಯುವ ಮಾತು ಕೊಡಬೇಕಾದ ಸಂಸ್ಥೆ ಆ ಲೆಕ್ಕಾಚಾರದ ಮೇಲೆ ನಿಲ್ಲಲಾರದು.

ಪರವಾನಗಿ ಶುಲ್ಕವಿಲ್ಲದ ತಂತ್ರಾಂಶಕ್ಕೆ 50 ಲಕ್ಷ ಪೌಂಡ್ ಏಕೆ ಎಂಬ ಪ್ರಶ್ನೆಯೂ ಸಹಜ. ಆ ಹಣ ಕೊಂಡದ್ದು ಜನರ ದುಡಿಮೆಯನ್ನು. ಮೂಡಲ್ ಹುಟ್ಟಿದ್ದು ಒಬ್ಬ ಮೇಷ್ಟರು, ಒಂದು ತರಗತಿ ಎಂಬ ಕಲ್ಪನೆಯಲ್ಲಿ. ಇಲ್ಲಿ ಒಂದೇ ಕೋರ್ಸಿಗೆ ಸಾವಿರಾರು ಮಂದಿ, ಅವರನ್ನು ಇಪ್ಪತ್ತರ ಗುಂಪುಗಳಾಗಿ ಬೋಧಕರಿಗೆ ಹಂಚುವ ಕ್ರಮ. ತಂತ್ರಾಂಶ ಈ ಕ್ರಮಕ್ಕೆ ಬಾಗಬೇಕಿತ್ತು. ಬೋಧನೆಯ ಕ್ರಮವೇ ತಂತ್ರಾಂಶಕ್ಕೆ ಬಾಗಿದ್ದರೆ ಜೆನಿ ಲೀ ಕಟ್ಟಿದ ಸಂಸ್ಥೆಯ ಬೆನ್ನೆಲುಬೇ ಮುರಿಯುತ್ತಿತ್ತು. ಹೀಗಾಗಿ ಚರ್ಚೆಗೆ ಫೋರಮ್‌ಎನ್‌ಜಿ ಎಂಬ ಹೊಸ ಅಂಗವನ್ನು ಬರೆದರು, ಸಂಸ್ಥೆಯದೇ ಬಗೆಯ ವಿಕಿ ಮತ್ತು ಬ್ಲಾಗ್ ಅಂಗಗಳನ್ನು ಬರೆದರು. ಬ್ರಿಟನ್ನಿನಲ್ಲಿ ಅಂಗವೈಕಲ್ಯವಿರುವ ವಿದ್ಯಾರ್ಥಿಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ಓದುವುದು ಇದೇ ವಿಶ್ವವಿದ್ಯಾಲಯದಲ್ಲಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಎಡವದಂತೆ, ಮೌಸ್ ಹಿಡಿಯಲಾಗದವರು ಕೀಲಿಮಣೆಯಲ್ಲೇ ನಡೆಯುವಂತೆ ಪುಟಗಳನ್ನು ತಿದ್ದುವ ಕೆಲಸಕ್ಕೆ ಇಲ್ಲಿ ಮೊದಲ ಪಂಕ್ತಿಯ ಸ್ಥಾನವಿತ್ತು.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಹಿರಿದಾಗಿ ಕಾಣುವುದು ಪ್ರಶ್ನೆಗಳ ಕೆಲಸ. ಓಪನ್‌ಮಾರ್ಕ್‌ನಲ್ಲಿ ವಿದ್ಯಾರ್ಥಿ ಉತ್ತರ ತಪ್ಪಿದರೆ ಅಂಕ ಕಳೆದು ಮುಂದೆ ಕಳಿಸುವ ಪದ್ಧತಿ ಇರಲಿಲ್ಲ. ಒಂದು ಸುಳಿವು ಕೊಟ್ಟು ಮತ್ತೆ ಪ್ರಯತ್ನಿಸು ಎನ್ನುತ್ತಿತ್ತು, ಮತ್ತೂ ತಪ್ಪಿದರೆ ಇನ್ನಷ್ಟು ಸ್ಪಷ್ಟವಾದ ಸುಳಿವು. ಅಂಚೆಯ ಕಾಲದಲ್ಲಿ ಅಸೈನ್‌ಮೆಂಟಿನ ಅಂಚಿನಲ್ಲಿ ಬೋಧಕರು ಬರೆಯುತ್ತಿದ್ದುದರ ಮುಂದುವರಿಕೆ ಇದು. ಈ ಕ್ರಮವನ್ನು ಮೂಡಲ್‌ಗೆ ತರಲು ಅದರ ಪ್ರಶ್ನೆ ವ್ಯವಸ್ಥೆಯ ಒಳತಿರುಳನ್ನೇ ವಿಶ್ವವಿದ್ಯಾಲಯದವರು ಹೊಸದಾಗಿ ಬರೆದರು. 2011ರ ಜುಲೈನಲ್ಲಿ ಬಂದ ಮೂಡಲ್ 2.1ರಲ್ಲಿ ಅದು ಎಲ್ಲರಿಗೂ ಸೇರಿತು. ಅಂದಿನಿಂದ ಮೂಡಲ್ ಬಳಸುವ ಯಾವ ಕಾಲೇಜಿನ ವಿದ್ಯಾರ್ಥಿಗೂ, ಕರ್ನಾಟಕದ ಇಂಜಿನಿಯರಿಂಗ್ ಕಾಲೇಜಿನವನಿಗೂ, ಸುಳಿವು ಪಡೆದು ಮತ್ತೆ ಯತ್ನಿಸುವ ಆ ಅವಕಾಶ ಅಲ್ಲಿದೆ. ಬಿಬಿಸಿಯ ಕಾಲದಲ್ಲಿ ಪಾಠಗಳನ್ನು ಹಂಚಿದ ಸಂಸ್ಥೆ ಈಗ ಪಾಠ ಹೇಳುವ ಸಾಧನವನ್ನೇ ಹಂಚಿತು. 2006ರ ಅಕ್ಟೋಬರಿನಲ್ಲಿ ಹ್ಯೂಲೆಟ್ ಪ್ರತಿಷ್ಠಾನದ ನೆರವಿನಿಂದ ತೆರೆದ ಓಪನ್‌ಲರ್ನ್ ತಾಣ, ಅದೂ ಮೂಡಲ್ ಮೇಲೆ ನಿಂತು, ಕೋರ್ಸುಗಳ ಭಾಗಗಳನ್ನು ಜಗತ್ತಿಗೆ ಉಚಿತವಾಗಿ ಬಿಟ್ಟಿತು.

ಸ್ವಂತದ್ದೆಂದು ಮನಬಂದಂತೆ ತಿದ್ದಿದರೆ ಮುಂದಿನ ಆವೃತ್ತಿಗೆ ಹೋಗುವುದೇ ಕಷ್ಟವಾಗುತ್ತದೆ, ಕಂಪನಿಯ ಬಂಧನ ಬಿಟ್ಟು ತನ್ನದೇ ತಿದ್ದುಪಡಿಗಳ ಬಂಧನಕ್ಕೆ ಬಿದ್ದಂತಾಗುತ್ತದೆ ಎಂಬ ಇನ್ನೊಂದು ಟೀಕೆ ಸರಿಯಾಗಿಯೇ ಇತ್ತು. ಮೊದಲ ವರ್ಷಗಳಲ್ಲಿ ಮೂಲದಿಂದ ದೂರ ಸರಿದ ಭಾರ ಸಂಸ್ಥೆಗೆ ತಟ್ಟಿತು. 2010ರ ಕೊನೆಗೆ ಮೂಡಲ್ 2.0 ಬಂದ ಮೇಲೆ ಮೂಲಕ್ಕೆ ಆದಷ್ಟು ಕೈಹಾಕದೆ, ಬೇಕಾದುದನ್ನು ಪ್ರತ್ಯೇಕ ಪ್ಲಗಿನ್‌ಗಳಾಗಿ ಬರೆಯುವ, ಎಲ್ಲರಿಗೂ ಉಪಯೋಗವಾಗುವುದನ್ನು ಮೂಲಕ್ಕೇ ಮರಳಿಸುವ ಶಿಸ್ತನ್ನು ಅದು ರೂಢಿಸಿಕೊಂಡಿತು. ಎಲ್ಲವನ್ನೂ ತಾನೇ ಮಾಡಬೇಕೆಂಬ ಹಟವೂ ಇರಲಿಲ್ಲ: 2010ರ ಸುಮಾರಿಗೆ ವಿದ್ಯಾರ್ಥಿಗಳ ಇಮೇಲ್ ವ್ಯವಸ್ಥೆಯನ್ನು ಗೂಗಲ್‌ಗೆ ವಹಿಸಲು ತೀರ್ಮಾನಿಸಿತು. ಪತ್ರವನ್ನು ಯಾವ ಅಂಚೆಯವರು ಮುಟ್ಟಿಸಿದರೂ ಆದೀತು. ಪಾಠ, ಚರ್ಚೆ, ಮೌಲ್ಯಮಾಪನ ಮನೆಯೊಳಗೇ ಇರಬೇಕು ಎಂಬ ಗೆರೆಯನ್ನು ಅದು ಸ್ಪಷ್ಟವಾಗಿ ಎಳೆದುಕೊಂಡಿತ್ತು.

ಸಾಗಿಸುವಾಗ ಅತಿ ಕಷ್ಟವಾದದ್ದು ರೂಢಿ. ಫಸ್ಟ್‌ಕ್ಲಾಸ್‌ನಲ್ಲಿ ವರ್ಷಗಟ್ಟಲೆ ಬೆಳೆದ ಗೆಳೆತನಗಳಿದ್ದವು, ವಿದ್ಯಾರ್ಥಿ ಸಂಘದ ಚರ್ಚಾಕೂಟಗಳಿದ್ದವು. ಅದನ್ನು ಬಿಡಲು ಅನೇಕರಿಗೆ ಮನಸ್ಸಿರಲಿಲ್ಲ. ದೇಶದ ತುಂಬ ಹರಡಿದ್ದ ಸಾವಿರಾರು ಬೋಧಕರು ಅರೆಕಾಲಿಕರು, ಹೊಸದನ್ನು ಕಲಿಯಲು ಅವರಿಗೂ ಸಮಯ ಬೇಕಿತ್ತು. ಹಳೆಯದನ್ನು ಒಂದೇ ದಿನ ಮುಚ್ಚದೆ ಕೆಲವು ವರ್ಷ ಎರಡನ್ನೂ ನಡೆಸಿದ್ದು ದುಬಾರಿಯಾಯಿತೆಂದು ಲೆಕ್ಕಪತ್ರ ನೋಡುವವರಿಗೆ ಅನ್ನಿಸಬಹುದು. ವಿದ್ಯಾರ್ಥಿಯೊಬ್ಬ ಕೋರ್ಸಿನ ನಡುವೆ ಇರುವಾಗ ಅವನ ತರಗತಿಯನ್ನು ಕಿತ್ತು ಬೇರೆಡೆ ನೆಡದಿರುವುದು ಬೋಧಕ ಸಂಸ್ಥೆಯ ಕನಿಷ್ಠ ಧರ್ಮ ಎಂದು ನಾನು ತಿಳಿಯುತ್ತೇನೆ.

2012ರ ನಂತರ

2012ರಲ್ಲಿ ಇಂಗ್ಲೆಂಡಿನಲ್ಲಿ ಬೋಧನಾ ಅನುದಾನ ಕಡಿತವಾಗಿ ಶುಲ್ಕ ಏರಿತು, ಅರೆಕಾಲಿಕ ವಿದ್ಯಾರ್ಥಿಗಳ ಸಂಖ್ಯೆ ಕುಸಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯ ಫ್ಯೂಚರ್‌ಲರ್ನ್ ಎಂಬ ಕಂಪನಿಯನ್ನು ಘೋಷಿಸಿ, 2013ರಿಂದ ಹಲವು ವಿಶ್ವವಿದ್ಯಾಲಯಗಳ ಉಚಿತ ಕೋರ್ಸುಗಳನ್ನು ಮೂಡಲ್ ಅಲ್ಲದ, ಹೊಸದಾಗಿ ಕಟ್ಟಿದ ವೇದಿಕೆಯಲ್ಲಿ ನಡೆಸಿತು. ಮೂಡಲ್ ಅಷ್ಟು ಸರಿಯಿದ್ದರೆ ಇದೇಕೆ ಎಂದು ಕೇಳುವವರಿದ್ದರು. ಒಂದೇ ಕೋರ್ಸಿಗೆ ಏಕಕಾಲಕ್ಕೆ ಹತ್ತಾರು ಸಾವಿರ ಅಪರಿಚಿತರು ಬಂದು ಹೋಗುವ ಜಾತ್ರೆಗೂ, ಇಪ್ಪತ್ತು ಮಂದಿಗೆ ಒಬ್ಬ ಬೋಧಕರಿರುವ ತರಗತಿಗೂ ಬೇಕಾದ ಕಟ್ಟಡ ಬೇರೆ ಬೇರೆ. 2019ರಲ್ಲಿ ಆಸ್ಟ್ರೇಲಿಯಾದ ಸೀಕ್ ಕಂಪನಿ ಫ್ಯೂಚರ್‌ಲರ್ನ್‌ನ ಅರ್ಧ ಪಾಲು ಪಡೆಯಿತು, 2022ರ ಕೊನೆಗೆ ಇಡೀ ಕಂಪನಿ ಬೇರೆಯವರ ಪಾಲಾಯಿತು. ಹಾಗೆ ಮಾರಾಟವಾದಾಗಲೂ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಗಳ ಒಂದು ಪಾಠವೂ ಕದಲಲಿಲ್ಲ, ಏಕೆಂದರೆ ಅದು ತನ್ನದೇ ಮನೆಯಲ್ಲಿತ್ತು.

ಕಳೆದುಕೊಂಡದ್ದನ್ನೂ ಹೇಳಬೇಕು. 2015ರಲ್ಲಿ ಇಂಗ್ಲೆಂಡಿನ ಏಳು ಪ್ರಾದೇಶಿಕ ಕೇಂದ್ರಗಳನ್ನು ಮುಚ್ಚಲು ನಿರ್ಧರಿಸಲಾಯಿತು. ನಂತರದ ಮರುಸಂಘಟನೆಯ ಪ್ರಸ್ತಾಪಗಳ ಬಗ್ಗೆ ಆಡಳಿತಕ್ಕೂ ಬೋಧಕರಿಗೂ ಒಮ್ಮತ ಬರಲಿಲ್ಲ, 2018ರಲ್ಲಿ ಕುಲಪತಿಗಳು ಬದಲಾದರು, ಸಂಸ್ಥೆ ಸಮಾಧಾನಕ್ಕೆ ಮರಳಿ ಮರುವರ್ಷ ಸುವರ್ಣ ಮಹೋತ್ಸವ ಆಚರಿಸಿತು. ಆನ್‌ಲೈನ್ ವೇದಿಕೆ ಗಟ್ಟಿಯಾದಷ್ಟೂ ಕಟ್ಟಡಗಳನ್ನು ಬಿಡುವುದು ಸುಲಭವಾಗಿ ಕಾಣುತ್ತದೆ ಎಂಬ ಆತಂಕ ನ್ಯಾಯವಾದದ್ದೇ. ಮುಖ ನೋಡಿ ಮಾತಾಡುವ ಕೋಣೆಯ ಬದಲಿಗೆ ಯಾವ ವೇದಿಕೆಯೂ ಪೂರ್ತಿಯಾಗಿ ನಿಲ್ಲಲಾರದು ಎಂದೇ ನನ್ನ ಅಭಿಪ್ರಾಯ. ಆದರೆ 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಜಗತ್ತಿನ ವಿಶ್ವವಿದ್ಯಾಲಯಗಳು ದಿಕ್ಕು ತೋಚದೆ ವೇದಿಕೆ ಹುಡುಕತೊಡಗಿದಾಗ, ಇಲ್ಲಿ ನಿಂತದ್ದು ಮುಖಾಮುಖಿ ಟ್ಯುಟೋರಿಯಲ್ ಮತ್ತು ಪರೀಕ್ಷಾ ಕೇಂದ್ರಗಳಷ್ಟೇ; ಪಾಠ ನಿಲ್ಲಲಿಲ್ಲ.

ಅಂತರಜಾಲವೇ ಇಲ್ಲದವರ ಪ್ರಶ್ನೆ ಕೊನೆಯದು, ಅತಿ ಗಂಭೀರವಾದದ್ದು. ಎಲ್ಲರಿಗೂ ಬಾಗಿಲು ತೆರೆದ ಸಂಸ್ಥೆ ಜಾಲಸಂಪರ್ಕವನ್ನೇ ಹೊಸ ಹೊಸ್ತಿಲಾಗಿ ಮಾಡಿಕೊಂಡರೆ ತನ್ನ ಹುಟ್ಟಿನ ಉದ್ದೇಶವನ್ನೇ ಮರೆತಂತೆ. ಇದಕ್ಕೆ ಸಂಸ್ಥೆ ಕೊಟ್ಟ ಉತ್ತರ ಸೆರೆಮನೆಗಳಲ್ಲಿ ಕಾಣುತ್ತದೆ. ವೇಕ್‌ಫೀಲ್ಡ್ ಮತ್ತು ಆಲ್ಬನಿ ಸೆರೆಮನೆಗಳಲ್ಲಿ ಎಪ್ಪತ್ತರ ದಶಕದ ಆರಂಭದಲ್ಲೇ ಕೈದಿಗಳಿಗೆ ಪಾಠ ಶುರುವಾಗಿತ್ತು. ಅಲ್ಲಿ ಅಂತರಜಾಲಕ್ಕೆ ಇಂದಿಗೂ ಮುಕ್ತ ಪ್ರವೇಶವಿಲ್ಲ. ಅವರಿಗಾಗಿ ವೇದಿಕೆಯ ಪಾಠಗಳನ್ನು ಮುದ್ರಿಸಿ, ಜಾಲವಿಲ್ಲದೆಯೂ ತೆರೆಯುವ ರೂಪದಲ್ಲಿ ಸಿದ್ಧಪಡಿಸಿ ಕಳಿಸಲಾಗುತ್ತದೆ. ಎಲ್ಲ ಕೋರ್ಸುಗಳೂ ಹಾಗೆ ಸಿಗುವುದಿಲ್ಲ, ಆಯ್ಕೆ ಕಡಿಮೆ, ಚರ್ಚಾಕೂಟದ ಸಂಗಾತ ಅವರಿಗೆ ದಕ್ಕುವುದಿಲ್ಲ. ಆದರೂ ಪಾಠದ ಮೂಲಪ್ರತಿ, ಅದನ್ನು ಬೇರೆ ರೂಪಕ್ಕೆ ಇಳಿಸುವ ಹಕ್ಕು, ಇಳಿಸಬಲ್ಲ ಕುಶಲ ಸಿಬ್ಬಂದಿ ಮೂರೂ ಸಂಸ್ಥೆಯೊಳಗೇ ಇರುವುದರಿಂದಲೇ ಇಷ್ಟಾದರೂ ಸಾಧ್ಯವಾಗಿದೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಾಗಲಿ, ತನ್ನ ನೌಕರರ ತರಬೇತಿಯನ್ನು ಹೊಸ ವೇದಿಕೆಗೆ ಸಾಗಿಸಲು ಹೊರಟ ನಮ್ಮ ಯಾವುದೇ ಇಲಾಖೆಯಾಗಲಿ ಟೆಂಡರಿನ ಷರತ್ತು ಬರೆಯಲು ಕೂರುವ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದದ್ದೂ ಈ ಮೂರನ್ನೇ.